ಬಾಡಿಗೆಯ ಮನೆಯಲ್ಲಿ ವಿದ್ಯುಚ್ಛಕ್ತಿ: ಯಜಮಾನರ ಹೊಣೆ

ಮನೆಯನ್ನು ಬಾಡಿಗೆಗೆ ಕೊಡುವಾಗ ಯಜಮಾನರು ಮಾಡಿಸುವ ಸಿದ್ಧತೆಗಳು ನಮಗೆಲ್ಲರಿಗೂ ತಿಳಿದವೇ. ಸುಣ್ಣ ಬಳಿಸುತ್ತಾರೆ, ಸೋರುವ ನಲ್ಲಿಗೆ ವಾಷರು ಹಾಕಿಸುತ್ತಾರೆ, ಬಾಗಿಲ ಚಿಲಕವನ್ನು ಸರಿಪಡಿಸುತ್ತಾರೆ. ಬಿಡಾರಕ್ಕೆ ಬರುವವರೂ ಇವನ್ನೇ ನೋಡಿ, ನೀರು ಬರುವ ಹೊತ್ತನ್ನು ವಿಚಾರಿಸಿ, ಮುಂಗಡವನ್ನು ಕೊಟ್ಟು ಹೋಗುತ್ತಾರೆ. ಗೋಡೆಯೊಳಗಿನ ತಂತಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಸ್ವಿಚ್ಚನ್ನೊತ್ತಿದರೆ ದೀಪ ಹತ್ತಿತಲ್ಲವೆ, ಇನ್ನೇನು ಎಂಬುದು ಇಬ್ಬರ ಸಮಾಧಾನ. ಆದರೆ ದೀಪ ಹತ್ತುವುದಕ್ಕೆ ಎರಡು ತಂತಿಗಳು ಸಾಕು. ಪ್ರಾಣ ಉಳಿಯುವುದಕ್ಕೆ ಬೇಕಾದದ್ದು ಮೂರನೆಯದು, ಹಸಿರು ಬಣ್ಣದ್ದು. ಅದು ಕಡಿದುಹೋಗಿದ್ದರೂ ದೀಪವು ಎಂದಿನಂತೆಯೇ ಹತ್ತುತ್ತದೆ.

ಇದನ್ನೇ ಅರ್ತ್ ಎಂದು ಎಲ್ಲರೂ ಕರೆಯುವುದು. ಮನೆಯ ಪಕ್ಕದಲ್ಲಿ ಗುಂಡಿ ತೋಡಿ, ಲೋಹದ ಕೊಳವೆಯನ್ನೋ ತಗಡನ್ನೋ ಹೂಳಿ, ಸುತ್ತಲೂ ಇದ್ದಲನ್ನೂ ಉಪ್ಪನ್ನೂ ತುಂಬಿ, ಅಲ್ಲಿಂದ ಮೂರು ಕಡ್ಡಿಯ ಪ್ಲಗ್ಗುಗಳಿಗೆಲ್ಲ ತಂತಿಯನ್ನೊಯ್ಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಅದರ ಉಪಯೋಗವನ್ನು ತಿಳಿಯಲು ಬಚ್ಚಲುಮನೆಯ ಗೀಸರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಕೊಳವೆಬಾವಿಯ ಗಡಸು ನೀರೇ ಗತಿ. ಅದರಲ್ಲಿರುವ ಸುಣ್ಣದಂಶವು ಕಾಯಿಸುವ ಸುರುಳಿಯ ಮೇಲೆ ಹೆಪ್ಪುಗಟ್ಟಿ, ಕಾಲಕ್ರಮದಲ್ಲಿ ಅದರ ಹೊದಿಕೆ ಬಿರಿಯುತ್ತದೆ. ವಿದ್ಯುತ್ತು ನೀರಿಗೂ ತೊಟ್ಟಿಗೂ ಸೋರುತ್ತದೆ. ಅರ್ತ್ ಸರಿಯಾಗಿದ್ದರೆ ಸೋರಿದ್ದು ಆ ದಾರಿಯಲ್ಲಿ ನೆಲಕ್ಕಿಳಿದುಹೋಗುತ್ತದೆ. ಇಲ್ಲದಿದ್ದಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ನಲ್ಲಿಯನ್ನು ಮುಟ್ಟಿದವರ ಶರೀರವೇ ಅದಕ್ಕೆ ದಾರಿ.

ಎಂ.ಸಿ.ಬಿ. ಇದೆಯಲ್ಲ, ಅದು ಬಿದ್ದುಬಿಡುವುದಿಲ್ಲವೆ ಎಂದು ವಾಚಕರು ಕೇಳಬಹುದು. ಬೀಳುವುದಿಲ್ಲ. ಒದ್ದೆ ಶರೀರದ ತಡೆಯನ್ನು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು 0.23 ಆಂಪಿಯರ್. ಹೃದಯದ ಗತಿಯನ್ನು ಕೆಡಿಸಲು ಇದಕ್ಕಿಂತ ಬಹಳ ಕಡಿಮೆ ಸಾಕು. 16 ಆಂಪಿಯರಿನ ಎಂ.ಸಿ.ಬಿ.ಗಾದರೋ ಇದು ಲೆಕ್ಕಕ್ಕೇ ಬಾರದು. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಪಾಡಲು. ಮನುಷ್ಯರನ್ನು ಕಾಪಾಡುವುದು ಬೇರೊಂದು ಸಾಧನ, ಆರ್.ಸಿ.ಸಿ.ಬಿ. ಎಂಬುದು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರಿನಷ್ಟು, ಎಂದರೆ 0.03 ಆಂಪಿಯರಿನಷ್ಟು, ವ್ಯತ್ಯಾಸ ಕಂಡರೆ ಅದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ಅರ್ತ್ ಇಲ್ಲದ ಮನೆಯಲ್ಲಿಯೂ ಇದು ಕೆಲಸಮಾಡೀತು. ಆದರೆ ಆಗ ಯಾರಾದರೂ ಮುಟ್ಟಿ ಏಟು ತಿಂದ ಮೇಲೆ. ಆದಕಾರಣ ಎರಡೂ ಇರತಕ್ಕದ್ದು.

ಹೊಸ ಮನೆಗಳಿಗಿಂತ ಹಳೆಯ ಮನೆಗಳ ವಿಚಾರವೇ ಹೆಚ್ಚು ಚಿಂತೆಯದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂತು. ಇಷ್ಟು ದೀರ್ಘ ಚರಿತ್ರೆಯಿರುವ ಊರಿನಲ್ಲಿ, ತಾತನವರು ಮರದ ಪಟ್ಟಿಯ ಮೇಲೆ ಹಾಕಿಸಿದ ರಬ್ಬರು ಹೊದಿಕೆಯ ತಂತಿಗೆ ಮೊಮ್ಮಗನು ಪ್ಲಾಸ್ಟಿಕ್ ತಂತಿಯನ್ನು ಜೋಡಿಸಿರುವುದು ಅಪರೂಪವಲ್ಲ. ರಬ್ಬರು ವರ್ಷಗಳು ಕಳೆದಂತೆ ಪುಡಿಯಾಗುವ ವಸ್ತು. ಇದಕ್ಕಿಂತಲೂ ಮೋಸದ ಸಂಗತಿ ಇನ್ನೊಂದುಂಟು. ಹಿಂದೆ ಅರ್ತಿನ ತಂತಿಯನ್ನು ನೀರಿನ ಕಬ್ಬಿಣದ ಕೊಳವೆಗೆ ಕಟ್ಟಿಬಿಡುವ ವಾಡಿಕೆಯಿತ್ತು. ಕೊಳವೆ ನೆಲದೊಳಗೆ ದೂರ ಹೋಗುತ್ತಿದ್ದುದರಿಂದ ಅದು ಹೇಗೋ ನಡೆಯಿತು. ಆಮೇಲೆ ಕೊಳವೆ ತುಕ್ಕು ಹಿಡಿಯಿತೆಂದು ಯಜಮಾನರು ಪ್ಲಾಸ್ಟಿಕ್ಕಿನದನ್ನು ಹಾಕಿಸಿದರು. ನೀರು ಚೆನ್ನಾಗಿ ಬಂತು. ಅರ್ತ್ ಅಂದಿಗೇ ಹೋಯಿತು. ಕೊಳಾಯಿಯವನಿಗೆ ಅದು ತಿಳಿಯದು. ಎಲೆಕ್ಟ್ರಿಷಿಯನ್ನನನ್ನು ಯಾರೂ ಕರೆಯಲಿಲ್ಲ. ಬಾಡಿಗೆಗೆ ಬಂದವರು ಇದನ್ನು ಊಹಿಸುವುದಾದರೂ ಹೇಗೆ? ಮನೆಯ ಹಿಂದಿನ ವೃತ್ತಾಂತ ಬಲ್ಲವರು ಯಜಮಾನರೊಬ್ಬರೇ.

ಕಾಯಿದೆಯ ದೃಷ್ಟಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ರಾಜ್ಯಗಳ ಮುಂದಿಟ್ಟ ಒಂದು ಮಾದರಿ ಮಾತ್ರ. ಆದರೂ ಅದರ ಅನುಬಂಧವನ್ನು ಓದಬೇಕು. ಒಳಗಿನ ಮತ್ತು ಹೊರಗಿನ ವೈರಿಂಗು ಯಜಮಾನರ ಪಾಲು. ಸ್ವಿಚ್ಚು, ಸಾಕೆಟ್ಟು, ಸರ್ಕ್ಯೂಟ್ ಬ್ರೇಕರು, ಗೀಸರುಗಳ ದುರಸ್ತಿ ಬಾಡಿಗೆದಾರರ ಪಾಲು. ಸ್ವಿಚ್ಚಿನ ಮಟ್ಟಿಗೆ ಸರಿಯೆ. ಆದರೆ ಯಜಮಾನರೇ ಗೋಡೆಗೆ ಬಿಗಿಸಿಟ್ಟ ಹತ್ತು ವರ್ಷದ ಗೀಸರನ್ನೂ, ಪ್ರಾಣರಕ್ಷಣೆಯ ಬ್ರೇಕರನ್ನೂ, ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದವರ ಹೆಗಲಿಗೆ ಹಾಕುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳಲು ಆ ಮಾದರಿಯೇ ಅವಕಾಶ ಕೊಟ್ಟಿದೆ; ಹಾಗೆ ಬರೆದುಕೊಳ್ಳುವುದು ಉತ್ತಮ. ಇಂಗ್ಲೆಂಡಿನಲ್ಲಿ 2020ರ ನಿಯಮಗಳು ಇನ್ನೂ ಮುಂದೆ ಹೋದವು: ಬಾಡಿಗೆಮನೆಯ ವೈರಿಂಗನ್ನು ಐದು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು 28 ದಿನಗಳೊಳಗಾಗಿ ಬಾಡಿಗೆದಾರರಿಗೆ ಕೊಡತಕ್ಕದ್ದು. ತಪ್ಪಿದ ಯಜಮಾನರಿಗೆ 30,000 ಪೌಂಡುಗಳವರೆಗೆ ದಂಡವನ್ನು ಗೊತ್ತುಮಾಡಲಾಯಿತು. ಪರೀಕ್ಷೆಗಿಂತಲೂ ವರದಿಯ ಪ್ರತಿ ಬಾಡಿಗೆದಾರರ ಕೈಸೇರಬೇಕೆಂಬ ಮಾತೇ ನನಗೆ ಹೆಚ್ಚು ಮೆಚ್ಚಿಕೆಯಾದದ್ದು.

ನಮ್ಮಲ್ಲಿಯೂ ಅಂಥ ಪರೀಕ್ಷೆ ಕಷ್ಟವೇನಲ್ಲ. ಪರವಾನಗಿಯುಳ್ಳ ಗುತ್ತಿಗೆದಾರರನ್ನು ಕರೆಸಬೇಕು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಾಯಿಸುವುದನ್ನು ಬಿಟ್ಟರೆ ಉಳಿದ ಕೆಲಸ ಅಂಥವರಿಂದಲೇ ಆಗಬೇಕೆಂದು ನಿಯಮವಿದೆ. ಅವರು ಮೆಗ್ಗರ್ ಎಂಬ ಯಂತ್ರದಿಂದ ತಂತಿಯ ಹೊದಿಕೆಯನ್ನು ಅಳೆಯುತ್ತಾರೆ. ಒಂದು ಮೆಗ್‌ಓಮಿಗಿಂತ ಕಡಿಮೆ ಬಂದರೆ ತಂತಿ ಬದಲಾಯಿಸುವ ಕಾಲ ಬಂತೆಂದು ತಿಳಿಯಬೇಕು. ಅರ್ತನ್ನೂ ಅಳೆಯುತ್ತಾರೆ. ಬೇಸಗೆಯಲ್ಲಿ ನೆಲ ಒಣಗಿದಾಗ ಅದರ ಬಲ ಕುಗ್ಗುವುದರಿಂದ ಗುಂಡಿಗೆ ಆಗಾಗ್ಗೆ ನೀರು ಹಾಕುತ್ತಿರಬೇಕು. ಸಿಮೆಂಟು ಹಾಕಿಸುವಾಗ ಆ ಗುಂಡಿಯನ್ನೇ ಮುಚ್ಚಿಬಿಟ್ಟ ಮನೆಗಳೂ ಇವೆ!

ಒಂದು ಮನೆಯನ್ನು ಮೂರು ಬಿಡಾರಗಳಾಗಿ ಮಾಡಿದವರು ಹೊರೆಯ ಲೆಕ್ಕವನ್ನು ಹಾಕಲೇಬೇಕು. 3,000 ವಾಟಿನ ಗೀಸರೊಂದೇ 13 ಆಂಪಿಯರ್ ಎಳೆಯುತ್ತದೆ; ಬೆಳಗಿನ ಆರು ಗಂಟೆಗೆ ಮೂರು ಬಿಡಾರದವರೂ ನೀರು ಕಾಯಿಸುತ್ತಾರೆ. ಫ್ಯೂಸು ಪದೇ ಪದೇ ಹೋಗುವುದೆಂದು ದಪ್ಪ ತಂತಿ ಕಟ್ಟಿದರೆ, ಮುಂದೆ ಸುಡುವುದು ಗೋಡೆಯೊಳಗಿನ ತಂತಿ. ಸಂಪಿನ ಮೋಟಾರು, ಮೆಟ್ಟಿಲ ದೀಪ, ಮಹಡಿಯ ಮೇಲಣ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಇವು ಎಲ್ಲರಿಗೂ ಸೇರಿದವಾದ್ದರಿಂದ ಯಾರ ಲಕ್ಷ್ಯಕ್ಕೂ ಬರುವುದಿಲ್ಲ, ಇವೂ ಯಜಮಾನರವೇ. ಬಟ್ಟೆಯ ತಂತಿಯನ್ನು ತೆಗೆಸಿ ನೈಲಾನಿನ ಹಗ್ಗ ಕಟ್ಟಿಸುವುದಕ್ಕೆ ಅರ್ಧ ಗಂಟೆ ಸಾಕು.

ಬೀಗದ ಕೈ ಕೊಡುವ ದಿನ ಮೇನ್ ಸ್ವಿಚ್ಚು ಎಲ್ಲಿದೆಯೆಂದು ಮನೆಮಂದಿಗೆಲ್ಲ, ಮುಖ್ಯವಾಗಿ ಹಗಲೆಲ್ಲ ಮನೆಯಲ್ಲಿರುವವರಿಗೆ, ತೋರಿಸಬೇಕು. ಆರ್.ಸಿ.ಸಿ.ಬಿ.ಯ ಮೇಲೆ ‘ಟಿ’ ಎಂಬ ಅಕ್ಷರದ ಚಿಕ್ಕ ಗುಂಡಿಯಿರುತ್ತದೆ. ಅವರ ಎದುರಿಗೇ ಅದನ್ನು ಒತ್ತಬೇಕು. ಒತ್ತಿದೊಡನೆ ಮನೆ ಕತ್ತಲಾಗಬೇಕು. ಆಗದಿದ್ದರೆ ಹೊಸದನ್ನು ಹಾಕಿಸಿದ ಮೇಲೆಯೇ ಬೀಗದ ಕೈಯನ್ನು ಅವರಿಗೆ ಕೊಡತಕ್ಕದ್ದು.