ಯುದ್ಧಕ್ಕೆ ಮೊದಲೇ ಒಂಟಿಯಾದ ಮೈಸೂರು

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿತ್ತು. ಆ ಮಧ್ಯಾಹ್ನದ ಕಾಳಗದ ಬಗ್ಗೆ, ಮೀರ್ ಸಾದಿಕನ ದ್ರೋಹದ ಬಗ್ಗೆ ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ವರ್ಷ. ಫಿರಂಗಿಗಳು ಹೊರಡುವ ಮೊದಲೇ, ಬರೀ ಪತ್ರ ಮತ್ತು ಕರಾರುಗಳ ಬಲದಿಂದ ಟಿಪ್ಪು ಸುಲ್ತಾನನನ್ನು ಒಂಟಿಯಾಗಿಸಿದ ವರ್ಷ ಅದು.

1792ರಲ್ಲಿ ಅವನನ್ನು ಸೋಲಿಸಿದ್ದು ಇಂಗ್ಲಿಷರೊಬ್ಬರೇ ಅಲ್ಲ. ನಿಜಾಮ, ಮರಾಠರು ಜೊತೆಗೂಡಿದ್ದರು. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾದರು. ಆ ಕೂಟ ಒಡೆಯದೆ ಮೈಸೂರಿಗೆ ಉಳಿಗಾಲವಿರಲಿಲ್ಲ. ಮೂರೇ ವರ್ಷದಲ್ಲಿ ಅದು ಒಡೆಯಿತು ಕೂಡ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದಾಗ ಇಂಗ್ಲಿಷರು ಸುಮ್ಮನೆ ನೋಡುತ್ತ ನಿಂತರು. ಮುನಿದ ನಿಜಾಮ ಫ್ರೆಂಚ್ ಅಧಿಕಾರಿ ರೇಮಂಡನ ಪಡೆಯನ್ನು ನೆಚ್ಚಿಕೊಂಡ. ಮೈಸೂರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

ಟಿಪ್ಪು ಪುಣೆ, ಹೈದರಾಬಾದುಗಳನ್ನು ಮರೆತಿರಲಿಲ್ಲ. ಆದರೂ ಅವನ ದೊಡ್ಡ ಭರವಸೆ ಕಡಲಾಚೆಗಿತ್ತು. 1788ರಲ್ಲಿ ಅವನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಮರ್ಯಾದೆ ಪಡೆದಿದ್ದರು, ಸೈನ್ಯ ಪಡೆದಿರಲಿಲ್ಲ. 1797ರಲ್ಲಿ ಮಂಗಳೂರಿಗೆ ಬಂದಿಳಿದ ರಿಪೋ ಎಂಬ ಫ್ರೆಂಚ್ ನಾವಿಕ, ಮಾರಿಷಸ್ಸಿನಲ್ಲಿ ದೊಡ್ಡ ಪಡೆ ಸಿದ್ಧವಿದೆ ಎಂದ. ಆಸ್ಥಾನದಲ್ಲಿ ಅವನನ್ನು ನಂಬದವರಿದ್ದರು. ದೊರೆ ನಂಬಿದ. ಗುಟ್ಟಾಗಿ ನಡೆಯಬೇಕಿದ್ದ ಮಾತುಕತೆಯನ್ನು ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಸಾರ್ವಜನಿಕ ಘೋಷಣೆಯಾಗಿ ಹೊರಡಿಸಿಬಿಟ್ಟ: ಇಂಗ್ಲಿಷರ ಮೇಲೆ ಯುದ್ಧ ಸಾರಲು ಟಿಪ್ಪು ಫ್ರೆಂಚರ ನೆರವಿಗಾಗಿ ಕಾಯುತ್ತಿದ್ದಾನೆ ಎಂದು! ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸಿನ ಸ್ವಯಂಸೇವಕರು. ಘೋಷಣೆಯ ಪ್ರತಿ ಮಾತ್ರ ಜೂನ್ ಹೊತ್ತಿಗೆ ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ಮುಂದಿತ್ತು. ಹೊಸ ಗವರ್ನರ್ ಜನರಲ್‌ಗೆ ಬೇಕಾಗಿದ್ದ ನೆಪವೂ ಅದೇ.

ಅವನು ಮೊದಲು ಕೈ ಹಾಕಿದ್ದು ಹೈದರಾಬಾದಿಗೆ. ಸೆಪ್ಟೆಂಬರ್ 1ರಂದು ನಿಜಾಮ, ತನ್ನ ಖರ್ಚಿನಲ್ಲಿ ಇಂಗ್ಲಿಷರ ಪಡೆಯನ್ನು ಇಟ್ಟುಕೊಳ್ಳುವ ಸಹಾಯಕ ಸೈನ್ಯದ ಒಪ್ಪಂದಕ್ಕೆ ಒಳಗಾದ. ರೇಮಂಡ್ ಆಗಲೇ ಸತ್ತಿದ್ದ. ಅಕ್ಟೋಬರಿನಲ್ಲಿ ಅವನು ಕಟ್ಟಿದ್ದ ಪಡೆ, ಸಾವಿರಾರು ಸಿಪಾಯಿಗಳ ಪಡೆ, ರಕ್ತ ಚೆಲ್ಲದೆ ಆಯುಧ ಕೆಳಗಿಟ್ಟಿತು. ನನ್ನ ಮಟ್ಟಿಗೆ ನಾಲ್ಕನೆಯ ಮೈಸೂರು ಯುದ್ಧ ತೀರ್ಮಾನವಾದದ್ದು ಅಲ್ಲಿ.

ಕಡಲಾಚೆಯ ದಾರಿಯೂ ವಿಚಿತ್ರವಾಗಿ ಮುಚ್ಚಿತು. ನೆಪೋಲಿಯನ್ 1798ರ ಜುಲೈಯಲ್ಲಿ ಈಜಿಪ್ಟಿಗೆ ಇಳಿದ. ಈಜಿಪ್ಟ್ ತುರ್ಕಿ ಸುಲ್ತಾನನ ಸೀಮೆ. ಟಿಪ್ಪು 1786ರಲ್ಲೇ ಕಾನ್ಸ್ಟಾಂಟಿನೋಪಲ್ಲಿಗೆ ರಾಯಭಾರಿಗಳನ್ನು ಕಳಿಸಿ ಸ್ನೇಹ ಬಯಸಿದ್ದವನು. ಈಗ ಅವನು ನೆಚ್ಚಿದ ಇಬ್ಬರೂ ಪರಸ್ಪರ ಶತ್ರುಗಳು. ಫ್ರೆಂಚರ ಸಹವಾಸ ಬಿಡು, ಇಂಗ್ಲಿಷರೊಡನೆ ರಾಜಿಯಾಗು ಎಂದು ಸುಲ್ತಾನ ಮೂರನೆಯ ಸಲೀಮ ಬರೆದ ಪತ್ರ ಅವನಿಗೆ ತಲುಪಿದ್ದು ವೆಲ್ಲೆಸ್ಲಿಯ ಕೈಯಿಂದಲೇ. ನೆಪೋಲಿಯನ್ ಕೈರೋದಿಂದ ಬರೆದ ಪತ್ರ ಇಂಗ್ಲಿಷರ ಕೈಸೇರಿ, ಟಿಪ್ಪುವಿಗೆ ತಲುಪಲೇ ಇಲ್ಲ. ಆ ಹೊತ್ತಿಗೆ ನೈಲ್ ಮುಖಜದಲ್ಲಿ ಫ್ರೆಂಚ್ ನೌಕಾಪಡೆ ನಾಶವಾಗಿ ತಿಂಗಳುಗಳೇ ಕಳೆದಿದ್ದವು.

1799ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಜನರಲ್ ಹ್ಯಾರಿಸ್ ಹೊರಟ ಮೇಲೆ ನಿಜಾಮನ ಸೈನ್ಯ ಜೊತೆಗೂಡಿತು. ಪುಣೆಯ ಎರಡನೆಯ ಬಾಜಿರಾವ್ ಈ ಸಲ ಇಂಗ್ಲಿಷರ ಜೊತೆ ಬರಲಿಲ್ಲ. ಮೈಸೂರಿನ ಪರವಾಗಿಯೂ ಏಳಲಿಲ್ಲ. ಗೆದ್ದ ಸೀಮೆಯಲ್ಲಿ ತನಗೆ ಕೊಡಬಂದ ಪಾಲನ್ನು ಷರತ್ತುಗಳಿಗಾಗಿ ನಿರಾಕರಿಸಿದ. 1802ರ ಡಿಸೆಂಬರ್ 31ರಂದು ಬಸ್ಸೀನಿನಲ್ಲಿ ಅವನೂ ನಿಜಾಮ ಒಪ್ಪಿದಂಥದೇ ಸಹಾಯಕ ಸೈನ್ಯದ ಕರಾರಿಗೆ ಸಹಿ ಹಾಕಿದ.