ಗರ್ಭಕೋಶಕ್ಕೆ ಅಂಟುವ ಮೊದಲೇ ಹಾರ್ಮೋನು

ಹ್ಯೂಮನ್ ಕೋರಿಯಾನಿಕ್ ಗೊನಡೊಟ್ರೋಪಿನ್ (ಎಚ್‌ಸಿಜಿ) ಮನುಷ್ಯ ಭ್ರೂಣದ ಮೊದಮೊದಲ ಹಾರ್ಮೋನುಗಳಲ್ಲಿ ಒಂದು. ಬಸಿರು ನಿಂತಿದೆಯೇ ಎಂದು ಮನೆಯಲ್ಲೇ ನೋಡುವ ಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ಪತ್ತೆಹಚ್ಚುವುದು ಇದನ್ನೇ. ಈ ಹಾರ್ಮೋನು ಇಲ್ಲದಿದ್ದರೆ ಬಸಿರು ಉಳಿಯುವುದಿಲ್ಲ. ಅಂಡಾಣು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಬಣ್ಣದ ಗ್ರಂಥಿ ಉಳಿದುಕೊಂಡು ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಗರ್ಭಕೋಶದ ಒಳಪದರ ಕಳಚದೆ ನಿಲ್ಲುವುದು ಈ ಪ್ರೊಜೆಸ್ಟರಾನ್‌ನಿಂದ. ಆದರೆ ಗ್ರಂಥಿಯ ಆಯಸ್ಸು ಸುಮಾರು ಎರಡು ವಾರ ಮಾತ್ರ. ಅಷ್ಟರೊಳಗೆ ಎಚ್‌ಸಿಜಿ ತಲುಪಿದರೆ ಅದು ಬದುಕುತ್ತದೆ, ತಲುಪದಿದ್ದರೆ ಮುಟ್ಟಾಗುತ್ತದೆ. ಭ್ರೂಣಕ್ಕೆ ಸಿಗುವ ಕಾಲಾವಕಾಶ ಇಷ್ಟು ಕಿರಿದು.

ಹಾಗಾದರೆ ಹಾರ್ಮೋನಿನ ತಯಾರಿ ಯಾವಾಗ ಶುರುವಾಗುತ್ತದೆ? ತಾಯಿಯ ರಕ್ತ ಪರೀಕ್ಷಿಸಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ನಂತರವಷ್ಟೇ ಹಾರ್ಮೋನು ರಕ್ತದಲ್ಲಿ ಅಳೆಯುವಷ್ಟಾಗುತ್ತದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಮೇಲೆ ದಾರಿ ತೆರೆಯಿತು. ಆ ಸಾಧನೆಯ ರೂವಾರಿಗಳಲ್ಲಿ ಒಬ್ಬರಾದ ರಾಬರ್ಟ್ ಎಡ್ವರ್ಡ್ಸ್, ಸೈಮನ್ ಫಿಶೆಲ್ ಮತ್ತು ಸಂಗಡಿಗರು ಭ್ರೂಣಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆ ದ್ರವವನ್ನೇ ಪರೀಕ್ಷಿಸಿದರು. ಫಲಿತಗೊಂಡು ಒಂದು ವಾರ ಕಳೆದ ಭ್ರೂಣದ ಸುತ್ತಲಿನ ದ್ರವದಲ್ಲಿ ಎಚ್‌ಸಿಜಿ ಸಿಕ್ಕಿತು. 1984ರಲ್ಲಿ ಪ್ರಕಟವಾದ ಈ ಫಲಿತಾಂಶದ ಮಹತ್ವ ದೊಡ್ಡದು: ಅಲ್ಲಿ ಗರ್ಭಕೋಶವಿರಲಿಲ್ಲ, ತಾಯಿಯ ರಕ್ತವೂ ಇರಲಿಲ್ಲ. ಹಾರ್ಮೋನು ತಯಾರಿಸಲು ಭ್ರೂಣಕ್ಕೆ ತಾಯಿಯ ಸ್ಪರ್ಶವೇ ಬೇಕಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು.

ಆ ಹಂತದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಟೊಳ್ಳಾದ ಈ ಗೋಳದ ಒಳಗೊಂದು ಕಡೆ ಮುಂದೆ ಮಗುವಾಗುವ ಜೀವಕೋಶಗಳ ಗುಂಪು, ಹೊರಗೆ ಟ್ರೋಫೋಬ್ಲಾಸ್ಟ್ ಎಂಬ ಪದರ. ಎಚ್‌ಸಿಜಿ ಬರುವುದು ಮುಂದೆ ಮಾಸಿನ ಭಾಗವಾಗುವ ಈ ಹೊರಪದರದಿಂದ. ಅದರ ಕೋಶಗಳು ಒಂದರೊಡನೊಂದು ಬೆರೆತು ಹಲವು ಕೋಶಕೇಂದ್ರಗಳಿರುವ ಸಿನ್ಸಿಶಿಯೊಟ್ರೋಫೋಬ್ಲಾಸ್ಟ್ ಆದಾಗ ಉತ್ಪಾದನೆ ರಭಸವಾಗಿ ಏರುತ್ತದೆ. ಹಾರ್ಮೋನಿನ ಅಣುವಿನಲ್ಲಿ ಎರಡು ಭಾಗಗಳಿವೆ. 92 ಅಮೈನೊ ಆಮ್ಲಗಳ ಆಲ್ಫಾ ಭಾಗ ಥೈರಾಯ್ಡ್ ಪ್ರಚೋದಕ ಹಾರ್ಮೋನಿನಲ್ಲೂ ಇದೆ. 145 ಅಮೈನೊ ಆಮ್ಲಗಳ ಬೀಟಾ ಭಾಗವೇ ಎಚ್‌ಸಿಜಿಯ ಗುರುತು. ಪರೀಕ್ಷೆಗಳು ಹುಡುಕುವುದೂ ಅದನ್ನೇ.

2016ರಲ್ಲಿ ಕೇಂಬ್ರಿಜ್‌ನ ಮ್ಯಾಗ್ಡಲೀನಾ ಜೆರ್ನಿಕಾ-ಗೋಟ್ಸ್ ಮತ್ತು ನ್ಯೂಯಾರ್ಕಿನ ಅಲಿ ಬ್ರಿವಾನ್ಲೂ ತಂಡಗಳು ಭ್ರೂಣಗಳನ್ನು ಸುಮಾರು 13 ದಿನಗಳವರೆಗೆ ಪ್ರಯೋಗಾಲಯದಲ್ಲಿ ಬೆಳೆಸಿದವು. ತಟ್ಟೆಯ ತಳಕ್ಕೆ ಅಂಟಿದ ಭ್ರೂಣಗಳಲ್ಲೂ ಹಲವು ಕೇಂದ್ರಗಳ ಕೋಶಗಳು ಮೂಡಿದವು, ಅವುಗಳಲ್ಲಿ ಎಚ್‌ಸಿಜಿ ಕಂಡಿತು. ಪ್ರಯೋಗ ಅಲ್ಲಿಗೇ ನಿಲ್ಲಬೇಕಾಯಿತು. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಸೂಚಿಸಿದ 14 ದಿನಗಳ ಮಿತಿ ಅಲ್ಲಿ ಕಾನೂನಾಗಿದೆ, ಬೇರೆ ಹಲವು ದೇಶಗಳೂ ಅದನ್ನು ಪಾಲಿಸುತ್ತವೆ.

ಭ್ರೂಣವನ್ನೇ ಬಳಸದೆ ಈ ಹಂತವನ್ನು ಅಭ್ಯಸಿಸುವ ಪ್ರಯತ್ನವೂ ನಡೆದಿದೆ. 2023ರಲ್ಲಿ ಇಸ್ರೇಲಿನ ವೈಟ್ಸ್‌ಮನ್ ಸಂಸ್ಥೆಯ ಜೇಕಬ್ ಹನ್ನಾ ತಂಡ ಕಾಂಡಕೋಶಗಳಿಂದಲೇ 14 ದಿನಗಳ ಭ್ರೂಣವನ್ನು ಹೋಲುವ ಮಾದರಿ ರೂಪಿಸಿತು. ಅಂಡಾಣುವಿಲ್ಲದೆ, ವೀರ್ಯಾಣುವಿಲ್ಲದೆ ಬೆಳೆದ ಆ ಮಾದರಿ ಸ್ರವಿಸಿದ ಹಾರ್ಮೋನಿಗೆ ಬಸಿರಿನ ಪರೀಕ್ಷೆ ಪಾಸಿಟಿವ್ ತೋರಿಸಿತು.