ಸೈಕಲ್ ಯಾತ್ರೆಯ ನಡುವೆ ಒಂದು ದಿನದ ವಿಶ್ರಾಂತಿ

ಪೀಣ್ಯದಿಂದ ಕೂಡಲಸಂಗಮಕ್ಕೆ ಸೈಕಲ್ಲಿನಲ್ಲಿ ಹೊರಟ ನಾನೂ ನನ್ನ ಧರ್ಮಪತ್ನಿಯೂ ತುಮಕೂರು ದಾಟಿ ಎರಡನೆಯ ಸಂಜೆ ಶಿರಾ ತಲುಪಿದೆವು. ಸುಮಾರು 110 ಕಿಲೋಮೀಟರ್. ಮರುದಿನ ನಸುಕಿನಲ್ಲೇ ಹಿರಿಯೂರಿನತ್ತ ಹೊರಡುವ ಆತುರ ನನ್ನದು. ಆಕೆ ಮಂಚದಿಂದ ಏಳಲು ಗೋಡೆ ಹಿಡಿದಾಗಲೇ ಬಲಮಂಡಿಯ ಬಾವು ನನ್ನ ಕಣ್ಣಿಗೆ ಬಿದ್ದುದು. "ನಿಮ್ಮ ಲೆಕ್ಕ ತಪ್ಪಬಾರದೆಂದು ಹೇಳಲಿಲ್ಲ" ಎಂದಳು. ನಾಡಿ ಹಿಡಿದೇ ಬದುಕಿದವನಿಗೆ ಮನೆಯವಳ ಮಂಡಿ ಕಂಡಿರಲಿಲ್ಲ!

ಅಂದು ಪ್ರಯಾಣ ನಿಂತಿತು. ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು ಬಲಶಾಲಿಗೂ ಅರ್ಧಶಕ್ತಿಯ ವ್ಯಾಯಾಮವನ್ನೇ ವಿಧಿಸಿದ್ದಾರೆ. ಅತಿಯಾದರೆ ಬಾಯಾರಿಕೆ, ಧಾತುಕ್ಷಯ, ಕೆಮ್ಮು, ಜ್ವರ ಎಂದೂ ಎಚ್ಚರಿಸಿದ್ದಾರೆ. ರೋಗಿಗಳಿಗೆ ಇದನ್ನು ನಾನೇ ಎಷ್ಟು ಬಾರಿ ಹೇಳಿಲ್ಲ!

ಬಿಸಿಯಾಗಿ ಬಾತ ಮಂಡಿಯನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ತಣ್ಣೀರಿನ ಬಟ್ಟೆ ಹಾಕಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇರಿಸಿದೆವು. ದಣಿದ ಸೊಂಟಕ್ಕೆ ಮಾತ್ರ ಬೆಚ್ಚಗಿನ ಎಳ್ಳೆಣ್ಣೆ. ಊಟಕ್ಕೆ ಹೆಸರುಬೇಳೆ ಬೆರೆಸಿದ ಮೃದುವಾದ ಅನ್ನ, ತುಪ್ಪ, ಮಜ್ಜಿಗೆ. ಬರಿದಾದ ಸ್ನಾಯುಗಳಲ್ಲಿ ಶಕ್ತಿ ಮತ್ತೆ ತುಂಬಿಕೊಳ್ಳಲು ಹೊಟ್ಟೆತುಂಬ ಉಂಡರೂ ಸುಮಾರು ಒಂದು ಹಗಲುರಾತ್ರಿ ಬೇಕು.

ಕಾರಣವನ್ನು ಮಧ್ಯಾಹ್ನ ಆಕೆಯೇ ತೋರಿಸಿದಳು: ಸೀಟು ತಗ್ಗಾಗಿತ್ತು. ಆಗ ಮಂಡಿ ಅತಿಯಾಗಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಪೆಡಲ್ ಪೂರ್ತಿ ಕೆಳಗಿಳಿದಾಗ ಮಂಡಿ ಕೊಂಚವೇ ಬಾಗಿರುವಂತೆ ಸೀಟನ್ನು ಏರಿಸಿದೆ. ವಿಶ್ರಾಂತಿಯಿಂದಲೂ ಬಾವು ಇಳಿಯದಿದ್ದರೆ, ಜ್ವರ ಬಂದರೆ, ವೈದ್ಯರಲ್ಲಿಗೆ ಹೋಗಲೇಬೇಕು.

ನಾಲ್ಕನೆಯ ಬೆಳಗ್ಗೆ ಬಾವು ಇಳಿದಿತ್ತು. ಹಿರಿಯೂರಿನವರೆಗೆ ಆಕೆ ಮುಂದೆ, ನಾನು ಹಿಂದೆ.